ಇನ್ನೂ ಮುಚ್ಚದ ಸ್ಟುಡಿಯೋ

ನಮ್ಮ ಸ್ಟುಡಿಯೋ ಮುಂದೆ ಹಾದುಹೋಗುವವರಲ್ಲಿ ದಿನಕ್ಕೊಬ್ಬರಾದರೂ ಒಳಗೆ ಇಣುಕಿ, "ಇನ್ನೂ ಮುಚ್ಚಿಲ್ವಾ?" ಎಂದು ಕೇಳದೆ ಹೋಗುವುದಿಲ್ಲ. ಕೇಳುವುದರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಬಹಳ ದಿನದ ಮೇಲೆ ಸಿಕ್ಕಿದವರನ್ನು "ಆರೋಗ್ಯನಾ?" ಎಂದು ಕೇಳುತ್ತಾರಲ್ಲ, ಆ ಧಾಟಿ. "ಇಲ್ಲ, ಬನ್ನಿ, ಕೂತ್ಕೊಳ್ಳಿ" ಎನ್ನುತ್ತೇನೆ ನಾನು. ಹಾಗೆ ಕೇಳಿದವರಲ್ಲಿ ಅರ್ಧ ಜನ ಒಳಗೆ ಬಂದು, ಕನ್ನಡಿ ಮುಂದೆ ತಲೆ ಬಾಚಿಕೊಂಡು, ಒಂದು ಫೋಟೊ ತೆಗೆಸಿಕೊಂಡೇ ಹೋಗಿದ್ದಾರೆ.

ಹೊಳೆನರಸೀಪುರದ ಈ ಸ್ಟುಡಿಯೋ ಇಟ್ಟವರು ನಮ್ಮಪ್ಪ. ಅವರ ಕಣ್ಣು ಮಂದವಾದ ಮೇಲೆ ಕ್ಯಾಮೆರಾ ನನ್ನ ಕೈಗೆ ಬಂತು. ಆಗ ಲಂಗ ದಾವಣಿ ಹಾಕುತ್ತಿದ್ದೆ, ಈಗ ಓದುವ ಕನ್ನಡಕ ಹಾಕುತ್ತೇನೆ. ಹಿಂದಿನ ಕೋಣೆ ತುಂಬ ಅಪ್ಪ ತೆಗೆದ ನೆಗೆಟಿವ್‌ಗಳು. ಬಿಸ್ಕತ್ತಿನ ಡಬ್ಬಿಗಳಲ್ಲಿ, ಒಂದೊಂದಕ್ಕೂ ಕಾಗದದ ಕವರು ಹಾಕಿ, ಮೇಲೆ ಹೆಸರು, ಊರು ಬರೆದು ಇಟ್ಟಿದ್ದಾರೆ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಊರುಗಳಿಂದ ಮದುವೆಗೆ ಮುಂಚೆ, ಕೆಲಸ ಸಿಕ್ಕಿದ ಮೇಲೆ, ಮಗುವಿಗೆ ಹಲ್ಲು ಬಂದಾಗ ಬಂದು ಕೂತು ಹೋದವರೆಲ್ಲ ಆ ಕೋಣೆಯಲ್ಲಿ ಇದ್ದಾರೆ. ಹಾಸನದಲ್ಲಿರುವ ನಮ್ಮಣ್ಣ ಮಾತ್ರ ಬಂದಾಗಲೆಲ್ಲ ಆ ಕೋಣೆಯ ಉದ್ದ ಅಗಲ ಹೆಜ್ಜೆಯಲ್ಲಿ ಅಳೆಯುತ್ತಾನೆ. "ಇಲ್ಲಿ ಜ್ಯೂಸ್ ಅಂಗಡಿ ಇಟ್ಟರೆ ಎಂಥಾ ಓಡುತ್ತೆ ಗೊತ್ತಾ?" ಎನ್ನುತ್ತಾನೆ. ನಾನು ಅವನಿಗೆ ಕಾಫಿ ಕೊಟ್ಟು ಕಳಿಸುತ್ತೇನೆ. ಜ್ಯೂಸು ಕೊಡುವುದಿಲ್ಲ.

೧. ಫೋಟೊಗ್ರಾಫರ್ ಬಂದ್ಮೇಲೆ

ಒಂದು ಭಾನುವಾರ ಅರಕಲಗೂಡು ಕಡೆಯಿಂದ ಹನ್ನೊಂದು ಜನರ ಕುಟುಂಬವೊಂದು ವ್ಯಾನಿನಲ್ಲಿ ಬಂದಿಳಿಯಿತು. ಮುಂದೆ ಯಜಮಾನರು. ಬಿಳಿ ಪಂಚೆ, ಬಿಳಿ ಷರಟು, ಆಗತಾನೆ ತಿರುವಿದ ಮೀಸೆ. ನಾನು ಲೈಟು ಸರಿಮಾಡುತ್ತಿದ್ದೆ.

"ಫೋಟೊಗ್ರಾಫರ್ ಎಲ್ಲವ್ರವ್ವಾ?"

"ನಾನೇ ಸಾರ್."

"ಅಲ್ಲ, ಫೋಟೊ ತೆಗಿಯೋರು."

"ತೆಗಿಯೋಳೂ ನಾನೇ."

ಅವರು ದೊಡ್ಡದಾಗಿ ನಕ್ಕರು. "ಆಯ್ತಾಯ್ತು. ಅವ್ರು ಬಂದ್ಮೇಲೆ ಕರೀರಿ. ನಾನು ಓಗಿ ಒಂದು ಟೀ ಕುಡ್ಕಂಡು ಬತ್ತೀನಿ" ಎಂದು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊರಟೇಹೋದರು.

ಅವರ ಹೆಂಡತಿ ಗಂಡ ರಸ್ತೆ ದಾಟುವವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಈ ಮಕ್ಳು ಇನ್ನೊಂದು ಗಳಿಗೆ ಓದ್ರೆ ಕ್ರಾಪು ಕೆಡಿಸ್ಕತ್ತವೆ. ನೀನು ತೆಗಿಯವ್ವ" ಎಂದರು.

"ಯಜಮಾನ್ರು?"

"ಅವ್ರು ಫೋಟೊಗ್ರಾಫರ್ ಬಂದ್ಮೇಲೆ ಬತ್ತಾರಂತಲ್ಲ. ಬರ್ಲಿ, ನಾವೇನು ಬ್ಯಾಡ ಅಂದ್ವಾ?" ಎಂದವರೇ ನಡುವಿನ ಜಾಗದಲ್ಲಿ ಸೆರಗು ಸರಿಮಾಡಿಕೊಂಡು ಕೂತರು. ಅವರ ಅತ್ತೆ ಕಿಸಕ್ಕನೆ ನಕ್ಕರು. ಸೊಸೆಯಂದಿರು ನಕ್ಕರು. ಯಾಕೆ ಎಂದು ಗೊತ್ತಿಲ್ಲದೆ ಮಕ್ಕಳೂ ನಕ್ಕವು. ನಾನು ಅದೇ ಗಳಿಗೆಯಲ್ಲಿ ಕ್ಲಿಕ್ಕಿಸಿದೆ.

ಯಜಮಾನರು ಬಂದು, "ಬಂದ್ರಾ?" ಎಂದರು. "ಬಂದು, ತೆಗೆದು, ಆಯ್ತು ಸಾರ್" ಎಂದೆ. ಅವರು ರೇಗಿ, ನಾನೇ ಫೋಟೊಗ್ರಾಫರ್ ಎಂಬುದನ್ನು ಕೊನೆಗೂ ಒಪ್ಪಿಕೊಂಡು, ಇನ್ನೊಂದು ತೆಗೆಸಿದರು. ಅದರಲ್ಲಿ ಹನ್ನೊಂದು ಜನ ಇದ್ದರು, ಹನ್ನೊಂದು ಮುಖವೂ ಸಾಮೂಹಿಕವಾಗಿ ಶಾಲೆಗೆ ತಡವಾಗಿ ಬಂದಂತಿದ್ದವು.

ಎರಡೂ ಪ್ರಿಂಟು ಕೊಟ್ಟೆ. ಕೆಲವು ತಿಂಗಳ ಮೇಲೆ ಆ ಹೆಂಗಸು ಒಬ್ಬರೇ ಸಿಕ್ಕಾಗ, ಗೋಡೆಗೆ ಯಾವುದನ್ನು ಹಾಕಿದಿರಿ ಎಂದು ಕೇಳಿದೆ.

"ಮೊದ್ಲುದ್ನೇ ಕಣವ್ವ."

"ಯಜಮಾನ್ರು ಬೇಜಾರು ಮಾಡ್ಕೊಳ್ಳಲಿಲ್ವಾ?"

"ಮಾಡ್ಕಂಡ್ರು. ನಾನಿಲ್ಲದೆ ಎಲ್ರೂ ಇಂಗೆ ನಗ್ತಾ ಕುಂತಿದೀರಲ್ಲ ಅಂದ್ರು. ನಾನೇನು ಮಾಡ್ಲಿ ಅಂದೆ, ಆ ಫೋಟೊಗ್ರಾಫರಮ್ಮ ಇದ್ದದ್ದು ಇದ್ದಂಗೇ ತೆಗೀತಾರೆ."

೨. ತೂಕಕ್ಕೆ

ಅಣ್ಣ ಒಂದು ದಿನ ಹೇಳದೆ ಕೇಳದೆ ಹಾಸನದಿಂದ ಒಬ್ಬ ಗುಜರಿಯವನನ್ನು ಕಳಿಸಿದ. ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ. ಕೈಯಲ್ಲಿ ಕೊಕ್ಕೆ ತಕ್ಕಡಿ.

"ಹಳೇ ಫಿಲಂ ಐತಂತಲ್ಲ ಮೇಡಮ್. ಅದರಲ್ಲಿ ಸ್ವಲ್ಪ ಬೆಳ್ಳಿ ಬರ್ತದೆ. ಸುಮ್ನೆ ಯಾಕೆ ಬೇಕಾರ್ ಮಾಲು ಇಟ್ಕೊಂಡಿದೀರಾ, ತೂಕಕ್ಕೆ ಹಾಕ್ಬಿಡಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಬೈಯಲಿಲ್ಲ. ಒಂದು ಡಬ್ಬಿ ತಂದು ಅವನ ಮುಂದಿಟ್ಟೆ. "ತೂಗೋದಕ್ಕೆ ಮುಂಚೆ ಮಾಲು ನೋಡ್ಬೇಕಲ್ವಾ? ಒಂದೊಂದಾಗಿ ನೋಡಿ ಹೇಳಿ" ಎಂದು, ನೆಗೆಟಿವ್ ಒಂದನ್ನು ಬೆಳಕಿಗೆ ಹಿಡಿಯುವುದು ಹೇಗೆಂದು ತೋರಿಸಿದೆ.

ಅವನು ಹಿಡಿದು ನೋಡಿದ. "ಯಾರಿದು, ಮುಖ ಕಪ್ಪು, ಕೂದಲು ಬಿಳಿ?"

"ತಿರುಗಾಮುರುಗಾ ಇರುತ್ತೆ. ಕಪ್ಪನ್ನ ಬಿಳಿ ಅಂದ್ಕೊಳ್ಳಿ. ಮದುಮಗಳು ಅದು."

"ಹೌದಲ್ಲ!" ಎಂದು ಇನ್ನೊಂದು ತೆಗೆದ. ಇಬ್ಬರು ಗೆಳೆಯರು, ಒಬ್ಬನ ಕೈಗಡಿಯಾರ ಕಾಣಲಿ ಎಂದು ಇನ್ನೊಬ್ಬನ ಹೆಗಲ ಮೇಲೆ ಕೈ. ಮತ್ತೊಂದರಲ್ಲಿ ಬುರ್ಖಾ ಸರಿಸಿ ಮಗುವನ್ನು ತೋರಿಸುತ್ತಿದ್ದ ತಾಯಿ. ಅವನು ತಕ್ಕಡಿಯನ್ನು ನೆಲಕ್ಕಿಟ್ಟು ಬೆಂಚಿನ ಮೇಲೆ ಕೂತ.

"ಮೇಡಮ್, ನಮ್ ದಾದಾ, ಅಂದ್ರೆ ನಮ್ಮಪ್ಪನ ಅಪ್ಪ, ಇದೇ ಊರಲ್ಲಿ ಜಟಕಾ ಓಡಿಸ್ತಿದ್ರು. ನಾನು ಅವರನ್ನ ನೋಡೇ ಇಲ್ಲ. ಇದ್ರಲ್ಲಿ ಇದ್ರೂ ಇರಬಹುದಲ್ವಾ?"

ಇದ್ದರೂ ಇರಬಹುದು ಎಂದೆ. ಅವನು ಊಟಕ್ಕೆ ಏಳಲಿಲ್ಲ. ಮೂರು ಡಬ್ಬಿ ಮುಗಿಸಿದ. ಎರಡು ಕುದುರೆ ಸಿಕ್ಕವು, ದಾದಾ ಸಿಗಲಿಲ್ಲ. ಸಾಯಂಕಾಲದ ಹೊತ್ತಿಗೆ ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಊರಿನೋರನ್ನೆಲ್ಲ ತೆಗೆದವರೆ ನಿಮ್ಮಪ್ಪ, ನಮ್ ದಾದಾನ ಒಬ್ಬರನ್ನ ಯಾಕೆ ಬಿಟ್ರು?" ಎಂದು ನನ್ನನ್ನೇ ಕೇಳಿದ.

"ಇನ್ನೂ ಬಹಳ ಡಬ್ಬಿ ಇವೆ" ಎಂದೆ.

ಅವನು ತಕ್ಕಡಿ ಎತ್ತಿಕೊಂಡು ಹೊರಟ. ಬಾಗಿಲವರೆಗೆ ಹೋದವನು ತಿರುಗಿ ಬಂದು ಬೆರಳು ತೋರಿಸಿ ಎಚ್ಚರಿಸಿದ: "ನಾನು ಶುಕ್ರವಾರ ಮತ್ತೆ ಬರ್ತೀನಿ. ಅಷ್ಟರಲ್ಲಿ ಯಾವನಾದ್ರೂ ಗುಜರಿಯವನು ಬಂದ್ರೆ ಒಳಗೇ ಬಿಡ್ಬೇಡಿ, ಕಳ್ಳನನ್ಮಕ್ಕಳು ಅವ್ರು!"

೩. ಹಾರದ ಫೋಟೊ

ಶಾಂತಿಗ್ರಾಮದ ಕಡೆಯ ಒಬ್ಬ ಅಜ್ಜ. ನಾಲ್ಕು ಹಸು ಕಟ್ಟಿ, ದಿನಾ ಡೇರಿಗೆ ತಾವೇ ಹಾಲು ಹಾಕುತ್ತಾರೆ. ಬಸ್ಸಿಳಿದು ನೇರವಾಗಿ ಬಂದು, "ನನ್ನ ಹಾರದ ಫೋಟೊ ತೆಗೀಬೇಕು" ಎಂದರು.

ಸನ್ಮಾನ ಇರಬೇಕು ಎಂದುಕೊಂಡೆ. "ಹಾರ ತಂದಿದೀರಾ ಅಜ್ಜ?"

"ಹಾರ ನಾನ್ಯಾಕೆ ತರ್ಲಿ? ನಾನು ಓದ್ಮೇಲೆ ಮಕ್ಳು ತತ್ತಾರೆ."

ಆಮೇಲೆ ವಿವರಿಸಿದರು. ಅವರ ಬೀದಿಯಲ್ಲಿ ಒಬ್ಬರು ತೀರಿಕೊಂಡಿದ್ದರು. ಅವಸರದಲ್ಲಿ ಬೇರೆ ಫೋಟೊ ಸಿಗದೆ ಮಕ್ಕಳು ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರಂತೆ. "ಬಂಗಾರದಂಥ ಮನ್ಸ ಕಣವ್ವ. ಆ ಫೋಟೋದಾಗೆ ಕೋಳಿ ಕದ್ದು ಸಿಕ್ಕಾಕಂಡೋನಂಗೆ ಕಾಣ್ತಾನೆ. ಬಂದೋರೆಲ್ಲ ಅದ್ಕೇ ಕೈ ಮುಗೀತಾವ್ರೆ. ನಂಗಾಗದೆ ಎದ್ದು ಬಂದ್ಬುಟ್ಟೆ. ನನ್ನ ಆಧಾರ್ ಫೋಟೊ ಅದಕ್ಕಿಂತ ಕಡೆ ಆಗೈತೆ."

ಬೆಳಕು ಸರಿಮಾಡಿ, "ಸ್ವಲ್ಪ ಗಂಭೀರವಾಗಿ ನೋಡಿ ಅಜ್ಜ" ಎಂದೆ.

"ಯಾಕೆ? ಸತ್ತೋರು ನಗಬಾರ್ದಾ?"

ನಗಿ ಎಂದೆ. ಅವರು ಇರುವ ಆರು ಹಲ್ಲೂ ಕಾಣುವಂತೆ ನಕ್ಕರು. ನಾನು ತೆಗೆದ ಒಳ್ಳೆಯ ಭಾವಚಿತ್ರಗಳಲ್ಲಿ ಅದೊಂದು.

ಹದಿನೈದು ದಿನಕ್ಕೆ ಅವರ ಸೊಸೆಯ ಫೋನು. ಧ್ವನಿಯಲ್ಲಿ ಅಳು. "ಮೇಡಮ್, ನೀವಾದ್ರೂ ನಮ್ಮಾವಂಗೆ ಏಳಿ. ಚೆನ್ನಾಗಿ ಒಪ್ತದಾ ನೋಡಾನ ಅಂತ ಆ ಫೋಟೊನ ನಡುಮನೆಗೆ ನೇತಾಕಿ ಹಾರ ಹಾಕ್ಬುಟ್ಟವ್ರೆ. ಮನೆಗೆ ಬಂದೋರು ನೋಡಿ, ಅಯ್ಯೋ ಯಾವಾಗವ್ವ ಓದ್ರು, ನಮಗೆ ಏಳ್ಲೇ ಇಲ್ವಲ್ಲ ಅಂತ ಅಳಾಕೆ ಸುರು ಮಾಡ್ತಾರೆ. ಅಷ್ಟೊತ್ತಿಗೆ ಇವ್ರು ಕೊಟ್ಟಿಗೆಯಿಂದ ಬಂದು, ಕಾಫಿ ಕುಡೀತೀರಾ ಅಂತ ಕೇಳ್ತಾರೆ. ನಿನ್ನೆ ನಮ್ಮ ಚಿಕ್ಕತ್ತೆಗೆ ತಲೆ ಸುತ್ತು ಬಂದು ಬಿದ್ದೋದ್ರು!"

ಅಜ್ಜನಿಗೆ ಹೇಳಿದೆ. ಕೇಳಲಿಲ್ಲ. ಯಾರು ಎಷ್ಟು ಅಳುತ್ತಾರೆ ಎಂದು ಈಗಲೇ ಗೊತ್ತಾಗುತ್ತಿದೆಯಂತೆ, ಅದನ್ನು ಯಾಕೆ ಬಿಡಬೇಕು ಎಂದರು. ಎರಡು ವರ್ಷ ಕಳೆದ ಮೇಲೆ ಮತ್ತೆ ಬಂದರು, ಇನ್ನೊಂದು ತೆಗೆಸಲು.

"ಮೊದಲಿಂದು ಏನಾಯ್ತು ಅಜ್ಜ?"

"ಅದ್ರಲ್ಲಿ ವಯಸ್ಸಾದಂಗೆ ಕಾಣ್ತೀನಿ."

೪. ಗುಂಡಗೆ

ಇದು ಸಣ್ಣದು. ರುದ್ರಪಟ್ಟಣದ ಕಡೆಯ ಪಿಟೀಲು ವಿದುಷಿಯೊಬ್ಬರು ಇದ್ದಾರೆ. ಎಲ್ಲೆಲ್ಲಿಯೋ ನುಡಿಸಿದ್ದಾರೆ, ದೊಡ್ಡ ಕೈ. ಆದರೆ ಕಚೇರಿಯ ಪೋಸ್ಟರ್ ಮಾಡುವವರ ಪದ್ಧತಿ ನಿಮಗೆ ಗೊತ್ತಲ್ಲ. ಹಾಡುವವರು ಬಾಗಿಲಷ್ಟು ಎತ್ತರ. ಪಕ್ಕವಾದ್ಯದವರು ಕೆಳಗೆ ಮೂಲೆಯಲ್ಲಿ ವಡೆಯಷ್ಟು ಗುಂಡಗೆ.

"ಮೂವತ್ತು ವರ್ಷದಿಂದ ನನ್ನನ್ನು ಗುಂಡಗೆ ಕತ್ತರಿಸ್ತಿದ್ದಾರಮ್ಮ" ಎಂದರು ಅವರು. "ಈ ಸಲ ಯಾವ ಕತ್ತರಿಗೂ ಸಿಗಬಾರದು. ಹಾಗೆ ತೆಗಿ."

ಇಬ್ಬರೂ ಸೇರಿ ಯೋಚಿಸಿದೆವು. ಪಿಟೀಲು ಹಿಡಿದು, ಕಮಾನನ್ನು ಉದ್ದಕ್ಕೆ, ಮೇಲಕ್ಕೆ, ತೋಳು ಪೂರ್ತಿ ಚಾಚಿದರು. ಗುಂಡಗೆ ಕತ್ತರಿಸಿದರೆ ಕೈ ಹೋಗುತ್ತದೆ, ಕೈ ಉಳಿಸಿದರೆ ಗುಂಡಗಾಗುವುದಿಲ್ಲ. ಬೇರೆ ಫೋಟೊ ಕೊಡಿ ಎಂದು ವ್ಯವಸ್ಥಾಪಕರು ಬೇಡಿಕೊಂಡರಂತೆ. ಇವರು, "ಇರೋದು ಅದೊಂದೇ" ಎಂದರಂತೆ.

ಪೋಸ್ಟರ್ ಅಚ್ಚಾಗಿ ಬಂತು. ಮೂಲೆಯಿಂದ ಹೊರಟ ಕಮಾನು ಮಿರಿಮಿರಿ ಮಿಂಚುತ್ತ ಮೇಲೇರಿ, ಗಾಯಕರ ಮೂಗಿನ ಹೊಳ್ಳೆಗೆ ನೇರವಾಗಿ ಗುರಿಯಿಟ್ಟು ನಿಂತಿತ್ತು. ಗಾಯಕರು ವಿದುಷಿಗೆ ಫೋನ್ ಮಾಡಿ, "ಏನಮ್ಮ ಇದು?" ಎಂದು ಕೇಳಿದರು.

"ಏನಿಲ್ಲ ಸಾರ್" ಎಂದರಂತೆ ಇವರು. "ಮೇಲಿನ ಷಡ್ಜ ಹಿಡಿಯುವಾಗ ಸ್ವಲ್ಪ ಹುಷಾರಾಗಿರಿ."

೫. ಕುರ್ಚಿ

ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿಯ ಪಟೇಲರ ಮೊಮ್ಮಗ ಕಾರಿನಲ್ಲಿ ಬಂದರು. ಸಿಮೆಂಟು, ಕಬ್ಬಿಣದ ವ್ಯಾಪಾರ. ಹೊಸ ಮನೆ ಕಟ್ಟಿಸಿದ್ದಾರೆ, ಗೃಹಪ್ರವೇಶಕ್ಕೆ ತಾತನ ದೊಡ್ಡ ಫೋಟೊ ಬೇಕು. ಹುಡುಕಿದೆ, ಸಿಕ್ಕಿತು. ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದೆ.

ಪಟೇಲರು ರುಮಾಲು, ಕೋಟು, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು ಹಿಡಿದು ನಿಂತಿದ್ದಾರೆ. ಮುಖ ಕೆಂಡ. ಪಕ್ಕದಲ್ಲಿ ಕೆತ್ತನೆಯ ಕುರ್ಚಿ, ಖಾಲಿ.

"ಅಲ್ಲ ಮೇಡಮ್, ಪಕ್ಕದಾಗೆ ಅಷ್ಟು ದೊಡ್ಡ ಕುರ್ಚಿ ಮಡಿಕಂಡು ನಮ್ ತಾತ ಯಾಕೆ ನಿಂತವ್ರೆ?"

ಕಾರಣ ನನಗೆ ಗೊತ್ತಿತ್ತು. ಅಪ್ಪ ಅದನ್ನು ನೂರು ಸಲ ಹೇಳಿದ್ದರು. ಹೇಳುವುದೋ ಬೇಡವೋ ಎಂದು ಯೋಚಿಸುತ್ತಿರುವಾಗ, ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬರು ಎದ್ದು ಬಂದು ಕಂಪ್ಯೂಟರ್ ನೋಡಿದರು. ಹಾಸನದಲ್ಲಿ ಮೇಷ್ಟ್ರಾಗಿ ನಿವೃತ್ತರಾದ ಹೆಂಗಸು. ಅವರೂ ಅದೇ ಹಳ್ಳಿಯವರು. ಆದರೆ ಊರಿನ ಹೊರಗಿದ್ದ ಕೇರಿಯವರು. ಅವರೂ ತಾತನ ಫೋಟೊ ಕೇಳಿಕೊಂಡೇ ಬಂದಿದ್ದರು, ಅವರದು ನಾನು ಆಗಲೇ ತೆಗೆದಿಟ್ಟಿದ್ದೆ.

"ಅದೇ ದಿನದ್ದು ಇನ್ನೊಂದು ಇದೆಯಲ್ಲ, ಅದನ್ನೂ ತೋರಿಸಿ" ಎಂದರು ಮೇಷ್ಟ್ರಮ್ಮ.

ತೋರಿಸಿದೆ. ಅದೇ ಕುರ್ಚಿ. ಅದರಲ್ಲಿ ಒಬ್ಬ ತೆಳ್ಳಗಿನ ಮನುಷ್ಯ, ಸ್ವಲ್ಪ ದೊಡ್ಡದಾದ ಕೋಟು ಹಾಕಿಕೊಂಡು, ಎರಡು ಕೈಯಲ್ಲೂ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದು ಕೂತಿದ್ದಾರೆ.

ಮೇಷ್ಟ್ರಮ್ಮನ ಆ ತಾತ ಪಟೇಲರ ಹೊಲದಲ್ಲಿ ಕೂಲಿಗಿದ್ದವರು. ಶಾಲೆಯೊಂದರಲ್ಲಿ ಜವಾನನ ಕೆಲಸ ಸಿಕ್ಕಿತು. ಆ ಖುಷಿಗೆ ಕೋಟು ಹೊಲಿಸಿ ಫೋಟೊಕ್ಕೆ ಬಂದಿದ್ದರು. ಅಪ್ಪ ಕುರ್ಚಿ ತೋರಿಸಿ, "ಕೂತ್ಕೊಳ್ಳಿ" ಎಂದರು. ಕೂತರು. ಅಪ್ಪ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕುವುದಕ್ಕೂ ಪಟೇಲರು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

ತಮ್ಮ ಹೊಲದ ಆಳು ಕುರ್ಚಿಯ ಮೇಲೆ! ಪಟೇಲರು, "ಏಳ್ಲಾ ಮ್ಯಾಕೆ!" ಎಂದು ಗದರಿದರು.

ಕೂತವರು ತುಟಿ ಮಾತ್ರ ಅಲುಗಿಸಿ ಹೇಳಿದರಂತೆ: "ಎದ್ರೆ ಫೋಟೊ ಅಳ್ಳಾಡೋಯ್ತದೆ ಬುದ್ಧಿ. ಅಳ್ಳಾಡಬ್ಯಾಡ ಅಂದವ್ರೆ ಸಾಮ್ಯೋರು."

ಅಪ್ಪ ಕರಿಬಟ್ಟೆಯೊಳಗಿಂದಲೇ, "ಹೌದು, ಅಲ್ಲಾಡಬೇಡಿ. ನಾನು ಹೇಳೋವರೆಗೂ ಏಳಬೇಡಿ" ಎಂದರು. ಎಂದವರು ತಲೆಯನ್ನು ಹೊರಗೇ ತೆಗೆಯಲಿಲ್ಲ. ಒಂದು ಫೋಟೊಕ್ಕೆ ಎಷ್ಟು ಹೊತ್ತು ಬೇಕೋ ಅದರ ಹತ್ತರಷ್ಟು ಹೊತ್ತು ಒಳಗೇ ಇದ್ದರು. ಪಟೇಲರು ಅಷ್ಟು ಹೊತ್ತೂ ನಿಂತಿದ್ದರು, ಆ ಮನುಷ್ಯ ಅಷ್ಟು ಹೊತ್ತೂ ಕೂತಿದ್ದರು. "ಒಳಗೆ ಸೆಕೆಗೆ ಬೆವರು ಕಿತ್ಕೊಂಡು ಬರ್ತಿತ್ತು. ಆದರೂ ಹೊರಗೆ ಬರೋಕೆ ಮನಸ್ಸೇ ಆಗಲಿಲ್ಲ" ಎನ್ನುತ್ತಿದ್ದರು ಅಪ್ಪ.

ಆಮೇಲೆ ಪಟೇಲರ ಸರದಿ. ಆ ಕುರ್ಚಿಯಲ್ಲಿ ತಾವು ಕೂರುವುದಿಲ್ಲ ಎಂದರು. ಅಪ್ಪ ಕುರ್ಚಿಯನ್ನು ಪಕ್ಕಕ್ಕೂ ಸರಿಸಲಿಲ್ಲ, ಬೇರೆಯದನ್ನೂ ತರಲಿಲ್ಲ. "ಹಾಗಾದರೆ ನಿಂತ್ಕೊಳ್ಳಿ" ಎಂದು ತೆಗೆದರು.

ಇಷ್ಟನ್ನೂ ಮೇಷ್ಟ್ರಮ್ಮ ಅರ್ಧ, ನಾನು ಅರ್ಧ ಹೇಳಿ ಮುಗಿಸಿದೆವು. ಮೊಮ್ಮಗ ಕಾರಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತಿದ್ದರು.

"ಅವೆಲ್ಲ ಹಳೇ ಕಾಲದ್ದು. ಈಗ ಯಾರು ಅದನ್ನೆಲ್ಲ ನೋಡ್ತಾರೆ? ನೀವು ಕಂಪ್ಯೂಟರ್‌ನಾಗೆ ನಮ್ ತಾತನ್ನ ಕುರ್ಚಿ ಮ್ಯಾಲೆ ಕೂರಿಸಿಬುಡಿ."

"ಈಗ ಯಾರೂ ನೋಡಲ್ಲ ಅಂದ್ರೆ ನಿಂತಿದ್ರೇನಂತೆ?" ಎಂದು ಮೇಷ್ಟ್ರಮ್ಮ ಶಾಂತವಾಗಿ ಕೇಳಿದರು. ಮೂವತ್ತೈದು ವರ್ಷ ತರಗತಿ ನಡೆಸಿದ ಶಾಂತಿ ಅದು. ಹಿಂದಿನ ಬೆಂಚಿನವರೆಗೂ ಮುಟ್ಟುತ್ತದೆ.

ನಾನೂ ಹೇಳಿದೆ: "ಬಣ್ಣ ಹಾಕು ಅಂದ್ರೆ ಹಾಕ್ತೀನಿ ಸಾರ್. ಕೂರಿಸೋದು ಆಗಲ್ಲ. ನಿಮ್ಮ ತಾತ ತಾವಾಗೇ ಬೇಡ ಅಂದ ಕುರ್ಚಿ ಅದು."

ಬೇರೆ ಸ್ಟುಡಿಯೋಗೆ ಹೋಗುತ್ತೇನೆ ಎಂದರು. ಹೋಗಿ ಎಂದೆ. ನೆಗೆಟಿವ್ ಕೊಡಿ ಎಂದರು. ಕೊಡುವುದಿಲ್ಲ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವರು ನಿಂತ ತಾತನನ್ನೇ ಮೂರಡಿಗೆ ಪ್ರಿಂಟು ಹಾಕಿಸಿಕೊಂಡು ಹೋದರು. ಮೇಷ್ಟ್ರಮ್ಮ ತಮ್ಮ ತಾತನಿಗೆ ನಾಲ್ಕಡಿಗೆ ಹೇಳಿದರು. ಅವರ ಮನೆಯ ಹಾಲ್‌ನಲ್ಲಿ ಬುದ್ಧನ ಪಕ್ಕದ ಗೋಡೆ ಅದಕ್ಕೆಂದೇ ಖಾಲಿ ಇತ್ತಂತೆ.

ಗೃಹಪ್ರವೇಶಕ್ಕೆ ಹೋಗಿದ್ದವರೊಬ್ಬರು ಆಮೇಲೆ ಸಿಕ್ಕಿದ್ದರು. ಬಂದವರೆಲ್ಲ ಫೋಟೊ ನೋಡಿ, ಪಟೇಲರು ಯಾಕೆ ನಿಂತಿದ್ದಾರೆ ಎಂದು ಕೇಳಿದರಂತೆ. ಮೊಮ್ಮಗ ಎದೆಯುಬ್ಬಿಸಿ, "ನಮ್ ತಾತಂದು ದೊಡ್ಡ ಗುಣ. ಯಾರೇ ಬಂದ್ರೂ ಅವ್ರಿಗೆ ಕುರ್ಚಿ ಬುಟ್ಟುಕೊಟ್ಟು ತಾವು ನಿಂತ್ಕಳೋರು" ಎಂದರಂತೆ.

ಇದನ್ನು ಮೇಷ್ಟ್ರಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕು, "ಹೇಳ್ಕೊಳ್ಳಲಿ ಬಿಡಿ. ಸಾಕ್ಷಿ ನಮ್ಮ ಮನೇಲಿ ಕೂತಿದೆ" ಎಂದರು.

೬. ಅಪರಿಚಿತ ದಂಪತಿ

ಹೋದ ವರ್ಷ ಹೊರಗಿನ ಊರಿನಿಂದ ಕೆಲವರು ಓದಿದವರು ಬಂದರು. ಹಳೆಯ ಸ್ಟುಡಿಯೋ ಫೋಟೊಗಳ ಪ್ರದರ್ಶನವನ್ನು ಹಾಸನದಲ್ಲಿ ಮಾಡುತ್ತಾರಂತೆ. ಮುಂದಾಳು ಖಾದಿ ಜುಬ್ಬಾ ತೊಟ್ಟ ಒಬ್ಬ ತರುಣ ಸಂಶೋಧಕ. ಒಳ್ಳೆಯ ಹುಡುಗ, ಡಬ್ಬಿ ತೆರೆದಾಗ ಅವನ ಕಣ್ಣಲ್ಲಿ ನೀರೇ ಬಂತು. ನೀರು ಒರೆಸಿಕೊಂಡು ನೆಗೆಟಿವ್‌ಗಳನ್ನೆಲ್ಲ ಕೊಟ್ಟುಬಿಡಿ ಎಂದ. "ನಮ್ಮಲ್ಲಿ ಏಸಿ ಕೋಣೆಯಲ್ಲಿ ಇಡ್ತೀವಿ ಮೇಡಮ್."

"ಇವರೆಲ್ಲ ಈ ಕಡೆಯ ಜನ ಕಣಪ್ಪ" ಎಂದೆ. "ಏಸಿ ಹಿಡಿಯಲ್ಲ ಇವರಿಗೆ, ಶೀತ ಆಗುತ್ತೆ."

ಕೊನೆಗೆ ನಲವತ್ತು ಫೋಟೊಗಳನ್ನು ಸ್ಕ್ಯಾನ್ ಮಾಡಿ ಕೊಟ್ಟೆ. ಜೊತೆಗೆ ಕವರಿನ ಮೇಲಿದ್ದ ಹೆಸರು, ಊರುಗಳ ಪಟ್ಟಿಯನ್ನೂ ಬರೆದುಕೊಟ್ಟೆ. ಪ್ರದರ್ಶನಕ್ಕೆ ಎರಡು ದಿನ ಮುಂಚೆ ನೋಡಲು ಹೋದರೆ ಒಂದು ಹೆಸರೂ ಇಲ್ಲ. ಎಲ್ಲದರ ಕೆಳಗೂ ಚೀಟಿ: ಅಪರಿಚಿತ ರೈತ, ಅಪರಿಚಿತ ಮಹಿಳೆ, ಅಪರಿಚಿತ ಸಹೋದರರು.

"ಹೆಸರು ಕೊಟ್ಟಿದ್ದೆನಲ್ಲ?"

"ಹೆಸರು ಹಾಕಿದರೆ ಒಬ್ಬ ವ್ಯಕ್ತಿ ಆಗಿಬಿಡ್ತಾರೆ ಮೇಡಮ್. ಹೆಸರಿಲ್ಲದಿದ್ದರೆ ಇಡೀ ಸಮುದಾಯವನ್ನು ಪ್ರತಿನಿಧಿಸ್ತಾರೆ."

ಜಗಳವಾಡಿದೆ. ಚೀಟಿ ಅಚ್ಚಾಗಿಹೋಗಿದೆ, ಬದಲಿಸಲು ಸಮಯವಿಲ್ಲ ಎಂದ. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಸಿಟ್ಟು ಇಳಿಯಲೇ ಇಲ್ಲ. ಮಾರನೆಯ ದಿನ ಪಟ್ಟಿ ಹಿಡಿದುಕೊಂಡು ಕೂತೆ. ಗೊತ್ತಿದ್ದವರಿಗೆ ಫೋನ್ ಮಾಡಿದೆ. ಗೊತ್ತಿಲ್ಲದ ಊರುಗಳಿಗೆ ಬಸ್ ಕಂಡಕ್ಟರ್‌ಗಳ ಕೈಲಿ, ಹಾಲಿನ ವ್ಯಾನಿನವರ ಕೈಲಿ ಹೇಳಿ ಕಳಿಸಿದೆ: "ನಿಮ್ಮೂರಿನ ಇಂಥವರ ಫೋಟೊ ಹಾಸನದಲ್ಲಿ ನೇತುಹಾಕಿದ್ದಾರೆ. ಕೆಳಗೆ ಅಪರಿಚಿತ ಅಂತ ಬರೆದಿದ್ದಾರೆ. ಬಂದು ಪರಿಚಯ ಮಾಡ್ಕೊಳ್ಳಿ."

ಉದ್ಘಾಟನೆಯ ಬೆಳಗ್ಗೆ ಅತಿಥಿಗಳಿಗೆ ಹಾಕಿದ್ದ ಕುರ್ಚಿಗಳು ಸಾಲಲಿಲ್ಲ. ಬುತ್ತಿ ಕಟ್ಟಿಕೊಂಡು, ಮೊಮ್ಮಕ್ಕಳನ್ನು ಎತ್ತಿಕೊಂಡು ಜನ ಬಂದರು. "ಇವನ್ಯಾವೋನು ನಮ್ಮಪ್ಪನ್ನ ಅಪರಿಚಿತ ಅಂದೋನು?" ಎಂದು ಒಂದು ಮೂಲೆಯಿಂದ, "ನಮ್ಮ ಅತ್ತೇನ ಗೊತ್ತಿಲ್ದೆ ಇರೋರು ಯಾರವ್ರೆ ಹಾಸನದಾಗೆ?" ಎಂದು ಇನ್ನೊಂದು ಮೂಲೆಯಿಂದ ಕೂಗು.

ಸಂಶೋಧಕ ಧೈರ್ಯಗೆಡದೆ, ಹಾಲ್‌ನ ನಡುವೆ ಹಾಕಿದ್ದ ಅತಿ ದೊಡ್ಡ ಫೋಟೊದ ಮುಂದೆ ಅತಿಥಿಗಳನ್ನು ನಿಲ್ಲಿಸಿದ. ಎಳೆ ವಯಸ್ಸಿನ ಗಂಡ ಹೆಂಡತಿಯ ಚಿತ್ರ, ಸೊಂಟದವರೆಗೆ ಮಾತ್ರ. ಕೆಳಗಿನ ಭಾಗವನ್ನು ಅವನು ಕತ್ತರಿಸಿದ್ದ. ಮುಖಗಳ ಮೇಲೆ ಗಮನ ನಿಲ್ಲಲಿ ಎಂದು ಹಾಗೆ ಮಾಡಿದನಂತೆ. ಅವನು ಚೀಟಿಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದ: "ಅಪರಿಚಿತ ರೈತ ದಂಪತಿ. ಗಂಡನ ಮುಖದಲ್ಲಿ ಆ ಕಾಲದ ಸಂಕಟ. ಹೆಂಡತಿಯ ಮುಖದಲ್ಲಿ ಮೌನ ಸಹನೆ."

"ಏನಂದೆ? ಇನ್ನೊಂದ್ಸಲ ಓದು ಮಗ" ಎಂದು ಹಿಂದಿನಿಂದ ಒಂದು ದನಿ. ದೊಡ್ಡಗದ್ದವಳ್ಳಿಯಿಂದ ಬಂದಿದ್ದ ಒಬ್ಬ ಅಜ್ಜಿ. ಪಕ್ಕದಲ್ಲಿ ಅವರ ಚೀಲ ಹಿಡಿದುಕೊಂಡು ತಾತ. ಜನ ದಾರಿ ಬಿಟ್ಟರು. ಫೋಟೊದ ಕೆಳಗೆ ಅವರಿಬ್ಬರೂ ನಿಂತಾಗ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮೂಗು ಅದೇ, ಕಿವಿ ಅದೇ, ನಿಂತ ಭಂಗಿಯೂ ಅದೇ.

ಸಂಶೋಧಕನಿಗೆ ರೋಮಾಂಚನ. ಮೈಕನ್ನು ಅಜ್ಜಿಯ ಮುಂದೆ ಹಿಡಿದು, "ಅಜ್ಜಿ, ಆವತ್ತು ನಿಮ್ಮ ಮನಸ್ಸಿನಲ್ಲಿ ಏನಿತ್ತು?" ಎಂದು ಕೇಳಿದ.

"ಮನಸ್ನಾಗೆ ಏನಿರ್ತದೆ? ಸಿಟ್ಟಿತ್ತು. ಮದ್ವೆ ಆಗಿ ಮೂರು ತಿಂಗ್ಳು. ನಾನು ಹೊಸ ಸೀರೆ ಉಟ್ಕಂಡು ಚೆಂದಾಗಿ ನಗ್ತಾ ನಿಂತಿದ್ರೆ, ಈವಯ್ಯ ಕಿವಿತಾವ ಬಂದು, ನಗಬ್ಯಾಡ, ನಿನ್ನ ಹಲ್ಲು ಮುಂದೈತೆ ಅಂದ್ಬುಟ್ಟ."

"ಆಮೇಲೆ?"

"ಬಾಯಿ ಮುಚ್ಕಂಡು ಕಾಲು ತುಳಿದೆ."

ನಾನು ಮೊಬೈಲಿನಲ್ಲಿದ್ದ ಪೂರ್ತಿ ಫೋಟೊವನ್ನು ದೊಡ್ಡದು ಮಾಡಿ ಎತ್ತಿ ಹಿಡಿದೆ. ಅತಿಥಿಗಳು ಬಗ್ಗಿ ನೋಡಿದರು. ಸೀರೆಯ ನೆರಿಗೆಯ ಕೆಳಗಿಂದ ಅಜ್ಜಿಯ ಹಿಮ್ಮಡಿ ಹೊರಗೆ ಬಂದು, ತಾತನ ಬರಿಗಾಲಿನ ಹೆಬ್ಬೆರಳಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಿತ್ತು. ತಾತ ಚೀಲವನ್ನು ಕೆಳಗಿಟ್ಟು, ಚಪ್ಪಲಿ ಕಳಚಿ, ಸಾಕ್ಷಿಗೆ ಬಲಗಾಲನ್ನು ಮುಂದೆ ಚಾಚಿದರು. "ಉಗುರು ಇವತ್ತಿಗೂ ಸರ್ಯಾಗಿ ಬಂದಿಲ್ಲ ಸಾ."

ಅಜ್ಜಿ ಆ ಕಾಲನ್ನು ತೋರಿಸಿ ಹೇಳಿದರು: "ನೋಡಪ್ಪ, ಅದು ಆ ಕಾಲದ ಸಂಕಟ ಅಲ್ಲ. ಈ ಕಾಲಿನ ಸಂಕಟ."

ಹಾಲ್‌ನ ಸೂರೇ ಹಾರಿಹೋಗುವಂತೆ ಜನ ನಕ್ಕರು. ಸಂಶೋಧಕನೂ ನಕ್ಕ, ಅದು ಅವನ ದೊಡ್ಡತನ. ಅಲ್ಲೇ ನನ್ನಿಂದ ಪಟ್ಟಿ ಈಸಿಕೊಂಡು, ಪೆನ್ನು ತೆಗೆದು, ಒಂದೊಂದು ಚೀಟಿಯ ಮೇಲೂ ಅಪರಿಚಿತ ಎಂಬುದನ್ನು ಹೊಡೆದುಹಾಕಿ ಹೆಸರು, ಊರು ಬರೆಯತೊಡಗಿದ. ಅಜ್ಜಿಯ ಚೀಟಿಗೆ ಬಂದಾಗ, ಇಬ್ಬರ ಹೆಸರನ್ನೂ ಬರೆದು, ಸಂಕಟವನ್ನು ಹೊಡೆದುಹಾಕಿ, ಸಹನೆಯ ಮೇಲೂ ಪೆನ್ನು ಇಟ್ಟ.

ಅಜ್ಜಿ ಅವನ ಕೈ ಹಿಡಿದುಕೊಂಡರು. "ಅದನ್ನ ಯಾಕಪ್ಪ ಅಳಿಸ್ತೀಯ? ಮೌನ, ಸಹನೆ, ಎಲ್ಡೂ ಸರ್ಯಾಗೇ ಐತೆ. ಒಂದು ಬಾಣದ ಗುರ್ತು ಹಾಕಿ ಈವಯ್ಯನ ಕಡೆ ತಿರುಗಿಸು."